ಪೆಟ್ರೋಲ್ ಬ್ಲೋವರ್ ಸ್ಟಾರ್ಟ್ ಆಗುತ್ತಿಲ್ಲವೇ? ಕಾರ್ಬುರೇಟರ್ ಸ್ಕ್ರೂ ಮುಟ್ಟಬೇಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ

ಶಿವರಾತ್ರಿ ಹೊತ್ತಿಗೆ ಮೈಸೂರಿನಲ್ಲಿ ಹೊಂಗೆ ಎಲೆ ಉದುರಲು ಶುರು, ಅದರ ಬೆನ್ನಿಗೇ ಮಳೆಮರದ್ದು. ದೊಡ್ಡ ಕಾಂಪೌಂಡಿನ ಮನೆ, ಕಲ್ಯಾಣಮಂಟಪ, ಹಾಸ್ಟೆಲ್ಲು, ಮಂಡ್ಯ ಕಡೆಯ ತೋಟದ ಮನೆ, ಎಲ್ಲ ಕಡೆಯೂ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಪೆಟ್ರೋಲ್ ಬ್ಲೋವರ್, ಅಂದರೆ ಗಾಳಿ ಊದಿ ಎಲೆ ಗುಡಿಸುವ ಮೆಷಿನ್, ಆಗ ಹೊರಗೆ ಬರುತ್ತದೆ. ಹಗ್ಗ ಎಳೆದದ್ದೇ ಎಳೆದದ್ದು, ಮೆಷಿನ್ ಮಾತ್ರ ಕೆಮ್ಮುವುದೂ ಇಲ್ಲ. ಅಷ್ಟರಲ್ಲಿ ಯಾರಾದರೊಬ್ಬರು ಸಣ್ಣ ಸ್ಕ್ರೂಡ್ರೈವರ್ ಹಿಡಿದು ಬಂದು ಕಾರ್ಬುರೇಟರ್‌ನ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗದ, ಎರಡು ಸ್ಕ್ರೂ ತಿರುಗಿಸಿಬಿಡುತ್ತಾರೆ. ಒಂದಿದ್ದ ತೊಂದರೆ ಎರಡಾಗುವುದು ಅಲ್ಲಿಂದಲೇ. ಹೋದ ವರ್ಷ ನೆಟ್ಟಗೆ ಓಡಿದ ಮೆಷಿನ್ನಿನ ಸ್ಕ್ರೂಗಳು ಮೂಲೆಯಲ್ಲಿ ಕೂತಲ್ಲೇ ತಾವಾಗಿ ತಿರುಗಿಕೊಳ್ಳುವುದಿಲ್ಲ. ಕೂತಲ್ಲೇ ಬದಲಾಗುವುದು ಟ್ಯಾಂಕಿನೊಳಗಿನ ಪೆಟ್ರೋಲು, ಮತ್ತು ಅದು ಹಾದುಹೋಗುವ ದಾರಿಯ ರಬ್ಬರು. ಹುಡುಕಾಟವೂ ಅಲ್ಲಿಂದಲೇ ಹೊರಡಬೇಕು.

ಆದರೆ ಅದಕ್ಕೂ ಮೊದಲು ಕೈಯಲ್ಲಿರುವುದು ಯಾವ ಮೆಷಿನ್ ಎಂದು ಗೊತ್ತಿರಬೇಕು. ಸೆಕೆಂಡ್‌ಹ್ಯಾಂಡ್ ತಂದದ್ದು, ನೆಂಟರು ಕೊಟ್ಟದ್ದು, ಸ್ಟಿಕ್ಕರ್ ಅಳಿಸಿಹೋದದ್ದು ಆದರಂತೂ ಇದು ಮುಖ್ಯ.

ಇದು ಯಾವ ಮೆಷಿನ್?

ನಮ್ಮ ಕಡೆ ಕಾಣುವುದು ಮೂರು ಬಗೆ. ಕೈಯಲ್ಲಿ ಹಿಡಿಯುವ ಸಣ್ಣದು, ಸಾಮಾನ್ಯವಾಗಿ 25ರಿಂದ 30 ಸಿಸಿ, ತೂಕ ನಾಲ್ಕೈದು ಕಿಲೋ. ಬೆನ್ನಿಗೆ ಹಾಕಿಕೊಳ್ಳುವ ದೊಡ್ಡದು, 40ರಿಂದ 75 ಸಿಸಿ ತನಕ. ಮೂರನೆಯದು ತೆಂಗು, ಮಾವಿಗೆ ಔಷಧಿ ಹೊಡೆಯುವ ಮಿಸ್ಟ್ ಬ್ಲೋವರ್. ಮೇಲೆ ಔಷಧಿ ಟ್ಯಾಂಕು, ಕೆಳಗೆ ಅದೇ ಫ್ಯಾನು. ಟ್ಯಾಂಕ್ ತೊಳೆದು ಖಾಲಿ ಮಾಡಿ, ಔಷಧಿ ನಲ್ಲಿ ಮುಚ್ಚಿದರೆ ಎಲೆ ಗುಡಿಸಲೂ ನಡೆಯುತ್ತದೆ. ತೊಳೆಯದೆ ಹಾಗೇ ಊದಿದರೆ ಉಳಿದ ಔಷಧಿ ಅಂಗಳದ ತುಂಬ.

ಮೂರರಲ್ಲೂ ತಿಳಿಯಬೇಕಾದ ಮೊದಲ ವಿಷಯ ಒಂದೇ: ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ? ಪೆಟ್ರೋಲ್ ಮುಚ್ಚಳ ಬಿಟ್ಟು ಎಂಜಿನ್‌ಗೆ ಇನ್ನೊಂದು ಆಯಿಲ್ ಮುಚ್ಚಳ, ಅದಕ್ಕೆ ಆಯಿಲ್ ಮಟ್ಟ ನೋಡುವ ಕಡ್ಡಿ ಇದ್ದರೆ ಅದು ಫೋರ್ ಸ್ಟ್ರೋಕ್. ಪೆಟ್ರೋಲು ಹಾಗೇ ಹಾಕಬೇಕು, ಆಯಿಲ್ ಬೇರೆ. ಹೋಂಡಾದ ಜಿಎಕ್ಸ್35 ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಹಿಡಿಯುವುದು ಬರೀ 100 ಮಿಲಿ ಆಯಿಲ್, ಹೆಚ್ಚು ಸುರಿದರೆ ಅದು ಏರ್ ಫಿಲ್ಟರ್‌ಗೆ ಉಕ್ಕಿ ಬರುತ್ತದೆ. ಮುಚ್ಚಳ ಒಂದೇ ಇದ್ದು, ಅದರ ಮೇಲೆ ಪೆಟ್ರೋಲ್ ಪಂಪಿನ ಪಕ್ಕ ಆಯಿಲ್ ಹನಿಯ ಚಿತ್ರ ಇದ್ದರೆ ಟೂ ಸ್ಟ್ರೋಕ್. ಆಯಿಲ್ ಬೆರೆಸಲೇಬೇಕು.

ಇಲ್ಲಿ ಒಂದು ಬಲೆ ಇದೆ. ಸ್ಟಿಲ್ ಕಂಪನಿಯ ಬೆನ್ನಿನ ಬ್ಲೋವರ್‌ಗಳಲ್ಲಿ 4-ಮಿಕ್ಸ್ ಎಂದು ಬರೆದಿರುವ ಎಂಜಿನ್ನುಗಳಿವೆ, ಬಿಆರ್ 600 ಅಂಥದ್ದು. ಅದರಲ್ಲಿ ವಾಲ್ವ್ ಇದೆ, ಓಡುವುದೂ ಫೋರ್ ಸ್ಟ್ರೋಕ್ ರೀತಿಯಲ್ಲೇ, ಆದರೆ ಆಯಿಲ್ ಚೇಂಬರ್ ಇಲ್ಲ. ಅದಕ್ಕೂ ಆಯಿಲ್ ಬೆರೆಸಿದ ಪೆಟ್ರೋಲೇ ಬೇಕು. "ಫೋರ್ ಸ್ಟ್ರೋಕ್ ಅಲ್ವಾ" ಎಂದು ಬರೀ ಪೆಟ್ರೋಲ್ ಹಾಕಿದರೆ ಎಂಜಿನ್ ಕೆಲವೇ ಹೊತ್ತಿನಲ್ಲಿ ಜಾಮ್ ಆಗಿ ಹಿಡಿದುಕೊಳ್ಳುತ್ತದೆ.

ಬೇರೆ ಬೇರೆ ಹೆಸರು ಅಂಟಿಸಿಕೊಂಡು ಬರುವ ಚೀನಾ ಮೆಷಿನ್ನುಗಳ ಗುರುತು ಸ್ಟಿಕ್ಕರಿನ ಹೆಸರಲ್ಲಿಲ್ಲ, ಎಂಜಿನ್ ಸಂಖ್ಯೆಯಲ್ಲಿದೆ. 1ಇ34ಎಫ್ ಎಂದಿದ್ದರೆ: 1 ಎಂದರೆ ಒಂದು ಸಿಲಿಂಡರ್, ಇ ಎಂದರೆ ಟೂ ಸ್ಟ್ರೋಕ್, 34 ಎಂದರೆ ಸಿಲಿಂಡರಿನ ಒಳ ಅಗಲ ಮಿಲಿಮೀಟರ್‌ನಲ್ಲಿ, ಎಫ್ ಎಂದರೆ ಗಾಳಿಯಲ್ಲೇ ತಣಿಯುವ ಎಂಜಿನ್. 1ಇ34ಎಫ್ ಸುಮಾರು 26 ಸಿಸಿ, 1ಇ40ಎಫ್ ಜಾತಿ 41ರಿಂದ 43 ಸಿಸಿ, 1ಇ44ಎಫ್ 52 ಸಿಸಿ. ನಡುವೆ ಇ ಇಲ್ಲದೆ 139ಎಫ್ ಎಂದಿದ್ದರೆ ಅದು 39 ಮಿ.ಮೀ. ಸಿಲಿಂಡರಿನ ಫೋರ್ ಸ್ಟ್ರೋಕ್. ಇದು ಹಗ್ಗದ ಕವರ್ ಹತ್ತಿರದ ಸ್ಟಿಕ್ಕರಿನಲ್ಲೋ ಎಂಜಿನ್ ಮೈಮೇಲೆ ಅಚ್ಚೊತ್ತಿಯೋ ಇರುತ್ತದೆ. ಕಳೆ ಕೊಚ್ಚುವ ಮೆಷಿನ್ನುಗಳಲ್ಲೂ ಇದೇ ಜಾತಿಯ ಎಂಜಿನ್ನುಗಳಿವೆ. ಹಾಗಾಗಿ ಅಂಗಡಿಯಲ್ಲಿ "ಬ್ಲೋವರ್ ಸ್ಪೇರ್ ಇಲ್ಲ" ಎಂದರೆ ಸುಮ್ಮನೆ ವಾಪಸ್ ಬರಬೇಡಿ, ಈ ಸಂಖ್ಯೆ ಹೇಳಿ. ಪಿಸ್ಟನ್, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್, ಕಾರ್ಬುರೇಟರ್ ಪ್ಯಾಕಿಂಗ್ (ಗ್ಯಾಸ್ಕೆಟ್) ಅಲ್ಲೇ ಸಿಗುವ ಸಾಧ್ಯತೆ ಇದೆ. ಹಳೆಯ ಭಾಗ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಟ್ಯಾಂಕಿನಲ್ಲಿ ಏನಿದೆ?

ಮೈಸೂರಿಗೆ ಟೂ ಸ್ಟ್ರೋಕ್ ಹೊಸತಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಬೈಕುಗಳು ಹೊರಬರುತ್ತಿದ್ದ ಊರು ಇದು. ಪೆಟ್ರೋಲಿಗೆ ಆಯಿಲ್ ಅಳೆದು ಹಾಕುವುದು, ಪ್ಲಗ್ ಬಣ್ಣ ನೋಡಿ ರೋಗ ಹೇಳುವುದು ಹಳೆಯ ಮೆಕ್ಯಾನಿಕ್‌ಗಳಿಗೆ ನೀರು ಕುಡಿದಷ್ಟು ಸುಲಭ. ಬ್ಲೋವರ್‌ಗೂ ಆ ಎರಡು ವಿದ್ಯೆ ಹಾಗೇ ಸಲ್ಲುತ್ತವೆ. ಸಲ್ಲದಿರುವುದು ಅವರ ಕಾರ್ಬುರೇಟರ್ ಜ್ಞಾನ. ಬೈಕಿನದ್ದು ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಇರುವ ಬಟ್ಟಲು, ಇದರಲ್ಲಿ ಬಟ್ಟಲೇ ಇಲ್ಲ. ಯಾವ ಕಡೆ ಓರೆ ಮಾಡಿದರೂ ಓಡಬೇಕಾದ್ದರಿಂದ ತೆಳು ರಬ್ಬರ್ ಹಾಳೆಗಳು, ಅಂದರೆ ಡಯಾಫ್ರಮ್‌ಗಳು, ಆ ಕೆಲಸ ಮಾಡುತ್ತವೆ. ಅದಕ್ಕೆ ಆಮೇಲೆ ಬರೋಣ.

ಬೆರೆಸುವ ಲೆಕ್ಕ ಹೀಗೆ: 50ಕ್ಕೆ 1 ಎಂದು ಬರೆದಿದ್ದರೆ ಲೀಟರಿಗೆ 20 ಮಿಲಿ, 40ಕ್ಕೆ 1 ಆದರೆ 25 ಮಿಲಿ, 25ಕ್ಕೆ 1 ಆದರೆ 40 ಮಿಲಿ. ಮೆಷಿನ್ ಮೇಲೆ ಬರೆದದ್ದೇ ಪ್ರಮಾಣ. ಏನೂ ಬರೆದಿಲ್ಲದ ಚೀನಾ ಎಂಜಿನ್‌ಗೆ 25ಕ್ಕೆ 1 ಹಾಕಿ. ಸ್ವಲ್ಪ ಹೊಗೆ ಜಾಸ್ತಿಯಾದೀತು, ಸೈಲೆನ್ಸರ್ ಬೇಗ ಕಟ್ಟೀತು, ಪಿಸ್ಟನ್ ಉಳಿಯುತ್ತದೆ. ಅಳೆಯಲು ಮೆಡಿಕಲ್ ಶಾಪಿನ 20 ಮಿಲಿ ಸಿರಿಂಜಿಗಿಂತ ಒಳ್ಳೆಯ ಸಾಧನ ಇಲ್ಲ, ಬಾಟಲಿ ಮುಚ್ಚಳದ ಅಂದಾಜು ಬೇಡ. ಆಯಿಲ್ ಟೂ-ಟಿ, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನದ್ದೇ ಆಗಿರಬೇಕು, ಡಬ್ಬಿಯ ಮೇಲೆ ಜಪಾನಿನ ಗುಣಮಟ್ಟದ ಗುರುತು ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದಿದ್ದರೆ ಸರಿ. ಬೈಕಿನ 20ಡಬ್ಲ್ಯೂ-40 ಆಯಿಲ್ ಬೆರೆಸಿದರೆ ಉರಿಯದೆ ಉಳಿದು ಪ್ಲಗ್ಗಿಗೂ ಸೈಲೆನ್ಸರ್‌ಗೂ ಮೆತ್ತಿಕೊಳ್ಳುತ್ತದೆ. ಬೆರೆಸುವುದು ಕ್ಯಾನಿನಲ್ಲಿ, ಮೆಷಿನ್ ಟ್ಯಾಂಕಿನಲ್ಲಲ್ಲ. ಅರ್ಧ ಪೆಟ್ರೋಲು, ಪೂರ್ತಿ ಆಯಿಲು, ಚೆನ್ನಾಗಿ ಕುಲುಕಿ, ಮಿಕ್ಕ ಪೆಟ್ರೋಲು, ಇನ್ನೊಮ್ಮೆ ಕುಲುಕಿ. ಇದೆಲ್ಲ ಹೊರಗಡೆ, ಅಡುಗೆಮನೆಯಿಂದಲೂ ದೇವರ ದೀಪದಿಂದಲೂ ದೂರ.

ಟೂ-ಟಿ ಆಯಿಲಿಗೆ ಬೇಕೆಂದೇ ಬಣ್ಣ ಹಾಕಿರುತ್ತಾರೆ. ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಆಯಿಲಿನ ಆ ಛಾಯೆ, ಹೆಚ್ಚಾಗಿ ನೀಲಿ ಅಥವಾ ಹಸಿರು, ಕಾಣದಿದ್ದರೆ ಯಾರೋ ಬರೀ ಪೆಟ್ರೋಲು ಹಾಕಿರುವ ಅನುಮಾನ ಬರಬೇಕು, ಆಗ ಹಗ್ಗ ಎಳೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಹತ್ತು ನಿಮಿಷ ಅಲುಗಾಡಿಸದೆ ಇಟ್ಟಾಗ ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು ಮತ್ತು ಎಥನಾಲ್. ವಾರ್ನಿಷ್ ಥರ ಹುಳಿ ವಾಸನೆ ಬಂದರೆ ಹಳೆಯ ಪೆಟ್ರೋಲು.

ಎಥನಾಲ್ ವಿಷಯ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಕಬ್ಬು, ಮುಸುಕಿನ ಜೋಳ, ಅಕ್ಕಿಯಿಂದ ಬಂದ ಎಥನಾಲ್ ಈಗ ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲಿ 20% ಇದೆ. ಕಬ್ಬು ಬೆಳೆದವರಿಗೆ ಒಳ್ಳೆಯದೇ, ಅದೇ ಕಬ್ಬಿನ ಗದ್ದೆಯ ಬದುವಿನಲ್ಲಿ ಓಡುವ ಸಣ್ಣ ಎಂಜಿನ್‌ಗೆ ಅಷ್ಟು ಒಳ್ಳೆಯದಲ್ಲ. ಅನೇಕ ಬ್ಲೋವರ್ ಕೈಪಿಡಿಗಳು ಹೇಳುವುದು 10%ಗಿಂತ ಹೆಚ್ಚು ಬೇಡ ಎಂದೇ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಅದಕ್ಕಾಗಿಯೇ ಮಾಡದ ಹಳೆಯ ರಬ್ಬರನ್ನು ಉಬ್ಬಿಸಿ ಆಮೇಲೆ ಗಟ್ಟಿ ಮಾಡುತ್ತದೆ. ಇನ್ನೊಂದು ಪರಿಣಾಮ ಕಡಿಮೆ ಜನರಿಗೆ ಗೊತ್ತು: ಶುದ್ಧ ಪೆಟ್ರೋಲು ಒಂದು ಪಾಲು ಉರಿಯಲು 14.7 ಪಾಲು ಗಾಳಿ ಬೇಕಾದರೆ 20% ಎಥನಾಲ್ ಇರುವುದಕ್ಕೆ 13.5ರಷ್ಟು ಸಾಕು. ಅಂದರೆ ಹಳೆಯ ಸೆಟ್ಟಿಂಗಿನಲ್ಲೇ ಓಡಿಸಿದರೆ ಎಂಜಿನ್‌ಗೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಸಿಕ್ಕಂತೆ. ಬಿಸಿ ಜಾಸ್ತಿಯಾಗುತ್ತದೆ. ಆದ್ದರಿಂದ ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ, ಅರ್ಧ ಲೀಟರ್ ಸಾಕಾಗುವ ಕಡೆ ಐದು ಲೀಟರ್ ಬೆರೆಸಬೇಡಿ.

ಪ್ಲಗ್ ಒದ್ದೆಯೋ, ಒಣಗಿದೆಯೋ?

ಹೊಸ ಪೆಟ್ರೋಲು ಹಾಕಿ. ಪ್ರೈಮರ್ ಬಲ್ಬ್, ಅಂದರೆ ಆ ಪಾರದರ್ಶಕ ರಬ್ಬರ್ ಗುಂಡಿಯನ್ನು ಗುಳ್ಳೆ ಹೋಗುವವರೆಗೆ ಏಳೆಂಟು ಸಲ ಒತ್ತಿ. ಹೆಚ್ಚು ಒತ್ತಿದರೆ ಓವರ್ ಆಗುತ್ತದೆ, ಅಂದರೆ ಎಂಜಿನ್ ಒಳಗೆ ಪೆಟ್ರೋಲು ತುಂಬಿಕೊಳ್ಳುತ್ತದೆ, ಎನ್ನುವುದು ಹೆಚ್ಚಿನ ಮೆಷಿನ್‌ಗಳಲ್ಲಿ ತಪ್ಪು. ಅದು ಕಾರ್ಬುರೇಟರ್ ಮೂಲಕ ಪೆಟ್ರೋಲನ್ನು ಎಳೆದು ಮಿಕ್ಕದ್ದನ್ನು ಟ್ಯಾಂಕಿಗೇ ವಾಪಸ್ ಕಳಿಸುತ್ತದೆ. ಗಾಳಿ ತಡೆಯುವ ಚೋಕ್ ಮುಚ್ಚಿ ಹಗ್ಗ ಎಳೆಯಿರಿ. ಒಂದು ಸಲ "ಡುಬ್" ಎಂದ ತಕ್ಷಣ ಚೋಕ್ ತೆಗೆದು ಮತ್ತೆ ಎಳೆಯಬೇಕು. ಆ ಸಣ್ಣ ಸದ್ದನ್ನು ಕೇಳಿಸಿಕೊಳ್ಳದೆ ಚೋಕಿನಲ್ಲೇ ಇಪ್ಪತ್ತು ಸಲ ಎಳೆದರೆ ಓವರ್ ಆಗುವುದು ನಿಜ.

ಏಳೆಂಟು ಎಳೆತಕ್ಕೂ ಏನೂ ಆಗದಿದ್ದರೆ ಪ್ಲಗ್ ಬಿಚ್ಚಿ. ಈ ಗಾತ್ರದ ಹೆಚ್ಚಿನ ಎಂಜಿನ್‌ಗಳಿಗೆ 19 ಎಂಎಂ ಬಾಕ್ಸ್ ಸ್ಪ್ಯಾನರ್.

ಪ್ಲಗ್ ತುದಿ ಒದ್ದೆಯಾಗಿದ್ದರೆ ಪೆಟ್ರೋಲು ತಲುಪುತ್ತಿದೆ, ಕಾರ್ಬುರೇಟರ್ ಕಡೆ ಸದ್ಯಕ್ಕೆ ತಿರುಗಿಯೂ ನೋಡಬೇಡಿ. ಒರೆಸಿ, ಪ್ಲಗ್ ಇಲ್ಲದೆಯೇ ಚೋಕ್ ತೆಗೆದು ಹತ್ತು ಸಲ ಹಗ್ಗ ಎಳೆದರೆ ಒಳಗಿನ ಹೆಚ್ಚುವರಿ ಪೆಟ್ರೋಲು ಹೊರಗೆ ಹೋಗುತ್ತದೆ. ಐದು ನಿಮಿಷ ಆರಲು ಬಿಟ್ಟು, ಪ್ಲಗ್ಗಿಗೆ ಕ್ಯಾಪ್ ಹಾಕಿ, ಅದರ ಮರೆಯನ್ನು, ಅಂದರೆ ತಿರುಪಿನ ಥ್ರೆಡ್ ಭಾಗವನ್ನು, ಸಿಲಿಂಡರ್ ಲೋಹಕ್ಕೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು ಹಗ್ಗ ಎಳೆಯಿರಿ. ತೂತಿನ ಹತ್ತಿರ ಹಿಡಿದರೆ ಹೊರಬರುವ ಪೆಟ್ರೋಲ್ ಆವಿಗೆ ಕಿಡಿ ತಗಲುತ್ತದೆ, ಅದು ಬೇಡ. ನೀಲಿ ಕಿಡಿ ಚಟ್ ಎಂದು ಹಾರಬೇಕು. ಮೆಕ್ಯಾನಿಕ್ ಭಾಷೆಯಲ್ಲಿ ಇದೇ "ಕರೆಂಟ್ ಬರ್ತಿದೆಯಾ" ಎಂಬ ಪರೀಕ್ಷೆ.

ಕರೆಂಟ್ ಬರದಿದ್ದರೆ ಮೊದಲು ಪ್ಲಗ್ ಬದಲಿಸಿ. ಪ್ಲಗ್ ತುದಿಯ ಗ್ಯಾಪ್ 0.6 ಮಿ.ಮೀ. ಇರಲಿ. ಎನ್‌ಜಿಕೆ ಬಿಪಿಎಂಆರ್7ಎ, ಚಾಂಪಿಯನ್ ಆರ್‌ಸಿಜೆ6ವೈ, ಚೀನಾ ಮೆಷಿನ್ನಿನ ಎಲ್7ಟಿ ಇವೆಲ್ಲ ಈ ಎಂಜಿನ್‌ಗಳಲ್ಲಿ ಕಾಣುವ ಪ್ಲಗ್‌ಗಳು. ಇವುಗಳ ಮರೆಯ ಉದ್ದ 9.5 ಮಿ.ಮೀ. ಮಾತ್ರ. ಮನೆಯಲ್ಲಿದ್ದ ಬೈಕಿನ ಪ್ಲಗ್ ಹಾಕಿ ನೋಡುವ ಆಸೆ ಬರುತ್ತದೆ. ದಪ್ಪ ಒಂದೇ ಆಗಿ ಉದ್ದ ಹೆಚ್ಚಿದ್ದರೆ ಪಿಸ್ಟನ್ ತಲೆಗೆ ಹೊಡೆಯುತ್ತದೆ, ಅಲ್ಲಿಗೆ ರಿಪೇರಿ ಖರ್ಚು ಹತ್ತು ಪಟ್ಟು.

ಹೊಸ ಪ್ಲಗ್ಗಿಗೂ ಕರೆಂಟ್ ಇಲ್ಲವಾದರೆ ಕಾಯಿಲ್ ಎಂದು ತೀರ್ಮಾನಿಸುವ ಮುಂಚೆ ಸ್ವಿಚ್ ವೈರ್ ನೋಡಿ. ಇಂಥ ಮೆಷಿನ್‌ನ ಆಫ್ ಸ್ವಿಚ್ ಕರೆಂಟನ್ನು ಕಡಿಯುವುದಿಲ್ಲ, ಎಂಜಿನ್ ಮೈಗೆ ಇಳಿಸಿಬಿಡುತ್ತದೆ. ಹಾಗಾಗಿ ಆ ಸಣ್ಣ ವೈರು ಎಲ್ಲಾದರೂ ಉಜ್ಜಿ ಲೋಹಕ್ಕೆ ತಾಗಿದ್ದರೆ ಮೆಷಿನ್ ಸದಾ ಆಫ್ ಆಗಿಯೇ ಇರುತ್ತದೆ. ಬೆನ್ನಿನ ಬ್ಲೋವರ್‌ಗಳಲ್ಲಿ ಹಿಡಿಕೆ ಆಡುವ ಜಾಗದಲ್ಲಿ, ಎಕ್ಸಲರೇಟರ್ ಕೇಬಲ್ ಜೊತೆ ಹೋಗುವ ಕಡೆ, ಇದು ಸವೆಯುತ್ತದೆ. ಕಾಯಿಲ್‌ನಿಂದ ಆ ವೈರ್ ಕಿತ್ತು ಹಗ್ಗ ಎಳೆಯಿರಿ. ಕಿಡಿ ಬಂದರೆ ಕಾಯಿಲ್ ಚೆನ್ನಾಗಿದೆ, ವೈರೋ ಸ್ವಿಚ್ಚೋ ಕೆಟ್ಟಿದೆ. ಆ ವೈರ್ ಇಲ್ಲದೆ ಸ್ಟಾರ್ಟ್ ಆದರೆ ಸ್ವಿಚ್ಚಿನಿಂದ ನಿಲ್ಲುವುದಿಲ್ಲ, ಚೋಕ್ ಮುಚ್ಚಿ ನಿಲ್ಲಿಸಬೇಕು ಎನ್ನುವುದು ನೆನಪಿರಲಿ.

ವೈರ್ ಕಿತ್ತರೂ ಕಿಡಿ ಇಲ್ಲದಿದ್ದರೆ ಮ್ಯಾಗ್ನೆಟ್ ಚಕ್ರಕ್ಕೂ ಕಾಯಿಲ್‌ಗೂ ನಡುವಿನ ಸಂದು ನೋಡಿ, ಹೆಚ್ಚಿನವಕ್ಕೆ 0.3 ಮಿ.ಮೀ. ಎರಡರ ಮೇಲಿನ ತುಕ್ಕನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ, ಕಾಯಿಲ್ ಸ್ಕ್ರೂ ಸಡಿಲಿಸಿ, ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು, ಅಯಸ್ಕಾಂತ ಕಾಯಿಲನ್ನು ಎಳೆದು ಹಿಡಿದಾಗ ಸ್ಕ್ರೂ ಬಿಗಿದು ಕಾರ್ಡ್ ಎಳೆದುಕೊಳ್ಳಿ. ಮದುವೆ ಕಾರ್ಡ್ ಬೇಡ, ಅದು ದಪ್ಪ. ಇದಾದ ಮೇಲೂ ಕಿಡಿ ಇಲ್ಲವಾದರೆ ಹೊಸ ಕಾಯಿಲ್.

ಕಿಡಿ ಇದೆ, ಪೆಟ್ರೋಲೂ ಇದೆ, ಹಗ್ಗ ಎಳೆದರೆ ಕೈಯನ್ನೇ ವಾಪಸ್ ಕಿತ್ತುಕೊಳ್ಳುತ್ತದೆ ಎಂದರೆ ಮ್ಯಾಗ್ನೆಟ್ ಚಕ್ರದ ಕೀಲಿ ಮುರಿದು ಟೈಮಿಂಗ್ ಸರಿದಿರಬಹುದು. ಫ್ಯಾನಿಗೆ ಕಲ್ಲೋ ಕಡ್ಡಿಯೋ ಸಿಕ್ಕಿ ಒಮ್ಮೆಲೇ ನಿಂತ ಮೆಷಿನ್‌ನಲ್ಲಿ ಹೀಗಾಗುವುದುಂಟು.

ಪ್ಲಗ್ ಒಣಗಿದ್ದರೆ

ಪೆಟ್ರೋಲು ತಲುಪುತ್ತಿಲ್ಲ. ಖಚಿತ ಮಾಡಿಕೊಳ್ಳಲು ಪ್ಲಗ್ ತೂತಿಗೆ ಅರ್ಧ ಟೀ ಚಮಚದಷ್ಟು ಬೆರೆಸಿದ ಪೆಟ್ರೋಲು ಬಿಟ್ಟು, ಪ್ಲಗ್ ಹಾಕಿ ಎಳೆಯಿರಿ. ಎರಡು ಮೂರು ಸೆಕೆಂಡ್ ಓಡಿ ನಿಂತರೆ ಎಂಜಿನ್, ಕರೆಂಟ್ ಎರಡೂ ಸರಿ.

ಇನ್ನು ಪ್ರೈಮರ್ ಬಲ್ಬೇ ದಾರಿ ತೋರಿಸುತ್ತದೆ. ಒತ್ತಿದ ಗುಂಡಿ ಮೇಲೇಳದೆ ಚಪ್ಪಟೆಯಾಗಿಯೇ ಉಳಿದರೆ ಟ್ಯಾಂಕಿನ ಒಳಗಿನ ಫಿಲ್ಟರ್ ಅಥವಾ ಪೈಪು ಕಟ್ಟಿದೆ. ಮೇಲೆದ್ದರೂ ಬರೀ ಗಾಳಿ ಗುಳ್ಳೆ ಬಂದರೆ ಪೈಪ್ ಸೀಳಿದೆ, ಇಲ್ಲವೇ ಫಿಲ್ಟರ್ ಕಳಚಿ ಪೈಪ್ ಪೆಟ್ರೋಲಿನ ಮೇಲೆ ತೇಲುತ್ತಿದೆ. ಒತ್ತಲೇ ಬಿಗಿಯಾಗಿದ್ದರೆ ವಾಪಸ್ ಹೋಗುವ ದಾರಿ ಮುಚ್ಚಿದೆ. ಗುಂಡಿಯಲ್ಲೇ ಸೀಳು ಕಂಡರೆ ಅದನ್ನೇ ಬದಲಿಸಿ. ಟ್ಯಾಂಕಿನಿಂದ ಎರಡು ಪೈಪ್ ಹೊರಡುತ್ತವೆ. ತುದಿಯಲ್ಲಿ ಫಿಲ್ಟರ್ ಇರುವುದು ಕಾರ್ಬುರೇಟರ್‌ಗೆ, ಇನ್ನೊಂದು ಪ್ರೈಮರ್‌ನಿಂದ ಟ್ಯಾಂಕಿಗೆ ವಾಪಸ್. ಯಾರಾದರೂ ರಿಪೇರಿ ಮಾಡಿ ಇವೆರಡನ್ನು ಅದಲುಬದಲು ಮಾಡಿದ್ದರೆ ಎಷ್ಟು ಒತ್ತಿದರೂ ಗಾಳಿಯೇ.

ಫಿಲ್ಟರ್ ತೆಗೆಯಲು ಬೈಂಡಿಂಗ್ ವೈರಿನ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಟ್ಯಾಂಕಿನ ಬಾಯಿಂದ ಎಳೆಯಿರಿ. ಪೈಪನ್ನು ಬೆರಳಲ್ಲಿ ಮಡಚಿದಾಗ ಬಿರುಕು ಬಿಟ್ಟರೆ ಹೊಸದು ಹಾಕಿ. ಹಳೆಯ ತುಂಡು ಹಿಡಿದುಕೊಂಡು ಹೋಗಿ, ಒಳ ಅಳತೆ ಹೊರ ಅಳತೆ ಎರಡೂ ಹೊಂದಬೇಕು. ಹೊರ ಅಳತೆ ಅರ್ಧ ಮಿಲಿಮೀಟರ್ ಸಣ್ಣದಾದರೂ ಟ್ಯಾಂಕಿನ ತೂತಿನಲ್ಲಿ ಸೋರುತ್ತದೆ. ಮೀನಿನ ತೊಟ್ಟಿಯ ಪ್ಲಾಸ್ಟಿಕ್ ಪೈಪು ಪೆಟ್ರೋಲಿನಲ್ಲಿ ಮರದ ಕಡ್ಡಿಯಂತಾಗುತ್ತದೆ. ಹೊಸ ಪೈಪಿನ ತುದಿಯನ್ನು ಓರೆಯಾಗಿ ಉದ್ದಕ್ಕೆ ಕತ್ತರಿಸಿದರೆ ತೂತಿನಲ್ಲಿ ತೂರಿಸಿ ಇಕ್ಕಳದಿಂದ ಎಳೆಯುವುದು ಸುಲಭ.

ಕಾರ್ಬುರೇಟರ್ ಬಿಚ್ಚುವುದಾದರೆ

ಪೈಪ್, ಫಿಲ್ಟರ್ ಎರಡೂ ಸರಿಯಿದ್ದೂ ಪ್ಲಗ್ ಒಣಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಎರಡು ಉದ್ದ ಬೋಲ್ಟು, ಎಕ್ಸಲರೇಟರ್ ಕೇಬಲ್, ಎರಡು ಪೈಪು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಿಚ್ಚುವುದು ಸ್ಟೀಲ್ ತಟ್ಟೆಯ ಮೇಲೆ. ಒಳಗಿನ ಸ್ಪ್ರಿಂಗ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಮರಳಿಗೆ ಬಿದ್ದರೆ ಕತೆ ಮುಗಿಯಿತು.

ಒಂದು ಕಡೆ ಒಂದೇ ಸ್ಕ್ರೂ ಇರುವ ಮುಚ್ಚಳದ ಕೆಳಗೆ ಪೆಟ್ರೋಲನ್ನು ಟ್ಯಾಂಕಿನಿಂದ ಎಳೆಯುವ ಪಂಪ್ ಡಯಾಫ್ರಮ್ ಇರುತ್ತದೆ, ಅಲ್ಲೇ ಒಂದು ಪುಟ್ಟ ಜಾಲರಿ. ಈ ಜಾಲರಿ ಅಂಟಿನಂಥ ಹಳದಿ ಪದರದಿಂದ ಕಟ್ಟಿರುವುದು ಬಲು ಸಾಮಾನ್ಯ. ಎಷ್ಟೋ ಸಲ ರೋಗ ಇಷ್ಟೇ. ಇನ್ನೊಂದು ಕಡೆ ನಡುವೆ ಲೋಹದ ಬಿಲ್ಲೆ ಇರುವ ಮೀಟರಿಂಗ್ ಡಯಾಫ್ರಮ್, ಅದರಡಿ ಸನ್ನೆಯಂಥ ಸಣ್ಣ ಲಿವರ್ ಮತ್ತು ಸೂಜಿ. ಡಯಾಫ್ರಮ್ ಒದ್ದೆ ಬಾಳೆಲೆಯಂತೆ ಮೆದುವಾಗಿ ಬಾಗಬೇಕು. ಕೈಯಲ್ಲಿ ಆಡಿಸಿದರೆ ಪಟಪಟ ಸದ್ದು ಬಂದರೆ ಗಟ್ಟಿಯಾಗಿದೆ, ಕಿಟ್ ತಂದು ಬದಲಿಸಿ. ಮತ್ತೆ ಜೋಡಿಸುವಾಗ ಈ ಮೀಟರಿಂಗ್ ಕಡೆ ಕಾರ್ಬುರೇಟರ್ ಮೈಗೆ ಮೊದಲು ಪ್ಯಾಕಿಂಗ್, ಅದರ ಮೇಲೆ ಡಯಾಫ್ರಮ್. ತಿರುಗುಮುರುಗಾದರೆ ಮೆಷಿನ್ ಏಳುವುದಿಲ್ಲ. ಪಂಪ್ ಕಡೆಯ ಕ್ರಮ ಬೇರೆ, ಅದಕ್ಕೇ ಫೋಟೋ. ಲಿವರ್ ಬಗ್ಗಿಸಬೇಡಿ.

ಮಿಶ್ರಣದ ಸ್ಕ್ರೂಗಳನ್ನು ತೆಗೆಯಲೇಬೇಕಾದರೆ ಮೊದಲು ಮೆಲ್ಲಗೆ ಒಳಗೆ ತಿರುಗಿಸುತ್ತ ಎಷ್ಟು ಸುತ್ತಿಗೆ ಕೂರುತ್ತದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಯಾರಾದರೂ ಆಗಲೇ ತಿರುಗಿಸಿ ಲೆಕ್ಕ ತಪ್ಪಿದ್ದರೆ ಎಲ್ (ಕಡಿಮೆ ವೇಗದ್ದು) ಮತ್ತು ಎಚ್ (ಹೆಚ್ಚು ವೇಗದ್ದು) ಎರಡನ್ನೂ ಒಂದೂಕಾಲು ಸುತ್ತು ಹೊರಗೆ ತೆಗೆದು ಅಲ್ಲಿಂದ ಶುರುಮಾಡಿ. ತೂತುಗಳಿಗೆ ಸೂಜಿ, ಪಿನ್ನು ಬೇಡ. ಲೋಹ ಸವೆದು ತೂತು ಹಿಗ್ಗಿದರೆ ಮತ್ತೆಂದೂ ಸರಿಯಾಗದು. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಬೇಕಾದರೆ ಮೀನಿನ ಗಾಳದ ನೈಲಾನ್ ದಾರ ತೂರಿಸಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವುದಾದರೆ ಡಯಾಫ್ರಮ್‌ಗಳೆಲ್ಲ ತೆಗೆದ ಮೇಲೆ, ಅದೂ ದೂರದಿಂದ.

ಇಷ್ಟೆಲ್ಲ ಮಾಡಿಯೂ ಹಟ ಬಿಡದ ಚೀನಾ ಕಾರ್ಬುರೇಟರ್ ಜೊತೆ ಎರಡನೇ ಭಾನುವಾರ ಕಳೆಯುವುದು ದಂಡ. ಹೊಸದೇ ಹಾಕಿ.

ಓಡುತ್ತದೆ, ಆದರೆ ಸರಿಯಾಗಿಲ್ಲ

ಐದು ನಿಮಿಷ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ: ಎಂಜಿನ್ ಆರಿಸಿ ಪೆಟ್ರೋಲ್ ಮುಚ್ಚಳ ಸಡಿಲಿಸಿ. "ಸುಯ್" ಎಂದು ಗಾಳಿ ಒಳಗೆ ಹೋದರೆ ಟ್ಯಾಂಕಿನ ಗಾಳಿ ತೂತು ಕಟ್ಟಿದೆ. ಮುಚ್ಚಳದ ಒಳಗಿನ ಸಣ್ಣ ವಾಲ್ವ್ ತೊಳೆದರೆ ಮುಗಿಯಿತು. ಮುಚ್ಚಳ ಸಡಿಲಿಸಿದರೂ ಬಿಸಿಯಾದಾಗ ಮತ್ತೆ ಸ್ಟಾರ್ಟ್ ಆಗದಿದ್ದರೆ ಬಿಸಿ ಇರುವಾಗಲೇ ಕಿಡಿ ಪರೀಕ್ಷೆ ಮಾಡಿ. ತಣ್ಣಗಿದ್ದಾಗ ಬರುವ ಕರೆಂಟ್ ಬಿಸಿಯಲ್ಲಿ ಮಾಯವಾದರೆ ಕಾಯಿಲ್ ಹೋಗಿದೆ.

ಅರ್ಧ ಚೋಕಿನಲ್ಲಿ ಮಾತ್ರ ಓಡುವುದು, ಎಕ್ಸಲರೇಟರ್ ಬಿಟ್ಟರೂ ಕಿರುಚುತ್ತಲೇ ಇರುವುದು, ಪ್ಲಗ್ ತುದಿ ಸುಣ್ಣ ಬಳಿದಂತೆ ಬೆಳ್ಳಗಿರುವುದು: ಇವು ಒಟ್ಟಿಗೆ ಕಂಡರೆ ಎಂಜಿನ್ ಎಲ್ಲಿಂದಲೋ "ಏರ್ ತಗೊಳ್ತಿದೆ". ಕಾರ್ಬುರೇಟರ್ ಹಿಂದಿನ ಪ್ಯಾಕಿಂಗ್, ಅದರ ಬೋಲ್ಟು, ಎಂಜಿನ್ನಿನ ತಿರುಗುವ ದಂಡ, ಅಂದರೆ ಕ್ರ್ಯಾಂಕಿನ ಆಯಿಲ್ ಸೀಲು ನೋಡಬೇಕು. ಇದೊಂದನ್ನು ಮುಂದೂಡಬೇಡಿ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು ಕಡಿಮೆ ಬಂದರೆ ಆಯಿಲೂ ಕಡಿಮೆ ಬಂದಂತೆ, ಪಿಸ್ಟನ್ ಗೀರಿಕೊಳ್ಳುತ್ತದೆ. ಸರಿಯಾಗಿ ಉರಿಯುವ ಪ್ಲಗ್ ಹಾಲು ಬೆರೆತ ಕಾಫಿ ಬಣ್ಣದಲ್ಲಿರುತ್ತದೆ, ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲೋ ಆಯಿಲೋ ಹೆಚ್ಚು, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಕಣದಲ್ಲಿ ರಾಗಿ ತೂರಲು ಇದೇ ಬ್ಲೋವರ್ ಹಿಡಿದಿದ್ದರೆ ಮೊದಲು ಫಿಲ್ಟರ್ ನೋಡಿ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಕಾಗದದ್ದಾದರೆ ಬದಲಿಸಿ.

ಎಕ್ಸಲರೇಟರ್ ಕೊಟ್ಟರೆ ಏಳದೆ ಗೊರಗೊರ ಎನ್ನುವ, ದಿನೇ ದಿನೇ ಶಕ್ತಿ ಕಳೆದುಕೊಳ್ಳುವ ಮೆಷಿನ್‌ನಲ್ಲಿ ಸೈಲೆನ್ಸರ್ ಬಾಯಿಯ ಕಿಡಿ ಜಾಲರಿ ಮಸಿ ಕಟ್ಟಿರುತ್ತದೆ. ತೆಗೆದು ತಂತಿ ಬ್ರಷ್ಷಿನಲ್ಲಿ ಉಜ್ಜಿ ಮತ್ತೆ ಹಾಕಿ, ಒಣ ತರಗೆಲೆ ನಡುವೆ ಕೆಲಸ ಮಾಡುವ ಮೆಷಿನ್‌ಗೆ ಅದಿಲ್ಲದೆ ಆಗದು. ಸೈಲೆನ್ಸರನ್ನೇ ಬಿಚ್ಚಿದರೆ ಒಳಗಿನ ಕಿಂಡಿಯಲ್ಲಿ ಪಿಸ್ಟನ್ ಕಾಣುತ್ತದೆ. ಹೊಳೆಯುವ ನುಣುಪು ಮೈ ಇದ್ದರೆ ಕ್ಷೇಮ, ಉದ್ದುದ್ದ ಗೀರಿದ್ದರೆ ಸಿಲಿಂಡರ್ ಕೆಲಸ ಬಂತು. ಕಿಂಡಿಯ ಮಸಿ ಕೆರೆಯುವಾಗ ಹಗ್ಗ ಮೆಲ್ಲಗೆ ಎಳೆದು ಪಿಸ್ಟನ್ನಿನಿಂದಲೇ ಕಿಂಡಿ ಮುಚ್ಚಿ, ಬಿದಿರು ಕಡ್ಡಿಯಿಂದ ಕೆರೆಯಿರಿ.

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡದ ಅಂದಾಜಿಗೆ ಕೈ ಬ್ಲೋವರನ್ನು ಸ್ವಿಚ್ ಆಫ್ ಮಾಡಿ ಹಗ್ಗದ ಹಿಡಿಯಿಂದಲೇ ಮೇಲೆತ್ತಿ. ತಡೆತಡೆದು ಇಳಿಯಬೇಕು. ಬಾವಿಗೆ ಬಿಟ್ಟ ಬಿಂದಿಗೆಯಂತೆ ಸರ್ರನೆ ಇಳಿದರೆ ಪಿಸ್ಟನ್ ರಿಂಗ್ ಹೋಗಿದೆ. ಬೆನ್ನಿನ ಭಾರದ ಮೆಷಿನ್‌ಗೆ ಗೇಜೇ ಬೇಕು, 100 ಪಿಎಸ್‌ಐಗಿಂತ ಕೆಳಗಿದ್ದರೆ ಸ್ಟಾರ್ಟ್ ಆಗುವುದು ಕಷ್ಟ.

ಕೊನೆಗೆ ಬ್ಲೋವರ್‌ಗೇ ಸೇರಿದ ಒಂದು ಲಕ್ಷಣ. ಎಂಜಿನ್ ಎಂದಿಗಿಂತ ಜೋರಾಗಿ, ಕೀರಲಾಗಿ ಓಡುತ್ತಿದೆ, ಗಾಳಿ ಮಾತ್ರ ಕಡಿಮೆ. ಇದನ್ನು ಎಂಜಿನ್ ರೋಗ ಎಂದುಕೊಂಡು ಸ್ಕ್ರೂ ತಿರುಗಿಸುವವರೇ ಹೆಚ್ಚು. ಬ್ಲೋವರ್‌ನಲ್ಲಿ ಕ್ಲಚ್ ಇಲ್ಲ, ಫ್ಯಾನು ಕ್ರ್ಯಾಂಕಿಗೇ ಕೂತಿರುತ್ತದೆ, ಅದು ತಳ್ಳುವ ಗಾಳಿಯೇ ಎಂಜಿನ್‌ನ ಹೊರೆ. ಗಾಳಿ ಒಳಬರುವ ಜಾಲರಿಗೆ ಎಲೆ ಅಂಟಿಕೊಂಡರೆ ಫ್ಯಾನಿಗೆ ಹೊರೆಯೇ ಇಲ್ಲದೆ ಎಂಜಿನ್ ವೇಗ ಏರುತ್ತದೆ. ಜಾಲರಿ ಒರೆಸಿ, ಕೊಳವೆಯಲ್ಲಿ ಎಲೆ ಸಿಕ್ಕಿದೆಯಾ ನೋಡಿ. ಇದೇ ಕಾರಣಕ್ಕೆ ಎಚ್ ಸ್ಕ್ರೂ ಹೊಂದಿಸುವಾಗ ಕೊಳವೆಗಳೆಲ್ಲ ಜೋಡಿಸಿರಬೇಕು, ಇಲ್ಲದಿದ್ದರೆ ಹೊರೆ ಬದಲಾಗಿ ಲೆಕ್ಕ ತಪ್ಪುತ್ತದೆ. ಕೈ ಜುಮ್ಮೆನ್ನುವಷ್ಟು ನಡುಕ ಬಂದರೆ ಫ್ಯಾನಿನ ಒಂದು ರೆಕ್ಕೆ ಮುರಿದಿದೆ, ಮತ್ತೆ ಓಡಿಸದೆ ಬದಲಿಸಿ. ಜಾಲರಿಯೊಳಗೆ ಕೈ ಹಾಕುವ ಮೊದಲು ಪ್ಲಗ್ ಕ್ಯಾಪ್ ಕಿತ್ತಿರಬೇಕು.

ಸರಿಯಾದ ಮೇಲೆ ಟ್ರಯಲ್ ನೋಡುವುದು ಕಾರ್ ಶೆಡ್ಡಿನ ಒಳಗಲ್ಲ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಬೆಳಿಗ್ಗೆ ಆರಕ್ಕೆ ಮುಂಚೆಯೂ ಬೇಡ. ವಸತಿ ಪ್ರದೇಶಕ್ಕೆ 2000ದ ಶಬ್ದ ನಿಯಮ ಹಗಲಿಗೆ ಇಟ್ಟಿರುವ ಮಿತಿಯೇ 55 ಡೆಸಿಬೆಲ್, ಈ ಮೆಷಿನ್ ಹಿಡಿದವರ ಕಿವಿಗೆ 90 ದಾಟುತ್ತದೆ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಎಲೆ ಸೀಸನ್ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಪ್ರೈಮರ್ ಒತ್ತಿ ಉಳಿದದ್ದನ್ನೂ ಟ್ಯಾಂಕಿಗೆ ತಂದು ಬಗ್ಗಿಸಿ, ಮೆಷಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ತಣ್ಣಗಾದ ಮೇಲೆ ಪ್ಲಗ್ ತೂತಿಗೆ ಸಿರಿಂಜಿನಲ್ಲಿ 5 ಮಿಲಿ ಟೂ-ಟಿ ಆಯಿಲ್ ಬಿಟ್ಟು ಹಗ್ಗವನ್ನು ಮೂರು ಸಲ ಮೆಲ್ಲಗೆ ಎಳೆದು ಪ್ಲಗ್ ಹಾಕಿಡಿ. ಉಳಿದ ಪೆಟ್ರೋಲು ಕ್ಯಾನಿನಲ್ಲಿದ್ದರೆ ಅದರ ಮೇಲೆ ಬೆರೆಸಿದ ತಾರೀಖು ಮತ್ತು ಪ್ರಮಾಣ ಮಾರ್ಕರಿನಲ್ಲಿ ಬರೆಯಿರಿ. ನೀರಿನ ಬಾಟಲಿಯಲ್ಲಂತೂ ಇಡಲೇಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.